ಇ-ಡಾರ್ ಬಂದ ಮೇಲೆ ಅಪಘಾತದ ದಾಖಲೆ ಎಷ್ಟು ಸುಧಾರಿಸಿದೆ? ಕೋಲಾರದ ಒಬ್ಬ ವಕೀಲೆಯ ಅನುಭವ

ಮೊದಲೇ ನನ್ನ ತೀರ್ಮಾನ ಹೇಳಿಬಿಡುತ್ತೇನೆ. ಇ-ಡಾರ್ ಅಂದರೆ ಪೊಲೀಸರು ಫೋನಿನ ಆ್ಯಪ್‌ನಲ್ಲಿ ತುಂಬುವ ಅಪಘಾತದ ದಾಖಲೆ. ಅಪಘಾತ ಆದ ಜಾಗದಲ್ಲೇ ನಿಂತು ತುಂಬಿದರೆ ಅದು ಬಹಳ ಒಳ್ಳೆಯ ದಾಖಲೆ. ಸ್ಟೇಷನ್ನಿಗೆ ವಾಪಸ್ ಬಂದು, ಕುರ್ಚಿಯಲ್ಲಿ ಕೂತು, ನೆನಪಿನಿಂದ ತುಂಬಿದರೆ ಹಳೇ ಕಾಗದಕ್ಕಿಂತ ಜಾಸ್ತಿ ತೊಂದರೆ ಕೊಡುತ್ತದೆ. ಐದಕ್ಕೆ ಮೂರೂವರೆ ಕೊಡುತ್ತೇನೆ. ಉಳಿದ ಒಂದೂವರೆ ಯಾಕೆ ಕೊಡಲಿಲ್ಲ ಅನ್ನುವುದೇ ಈ ಬರಹದಲ್ಲಿ ಮುಖ್ಯ.

ನಾನು ಕೋಲಾರದ ಕೋರ್ಟಿನಲ್ಲಿ ಹೆಚ್ಚಾಗಿ ನಡೆಸುವುದು ಎಂ.ವಿ.ಸಿ. ಕೇಸುಗಳನ್ನು. ಅಪಘಾತದಲ್ಲಿ ಪೆಟ್ಟಾದವರು, ತೀರಿಕೊಂಡವರ ಮನೆಯವರು ಪರಿಹಾರ ಕೇಳುವ ಕೇಸುಗಳು ಇವು. ರಾಷ್ಟ್ರೀಯ ಹೆದ್ದಾರಿ 75 ನಮ್ಮ ಜಿಲ್ಲೆಯನ್ನು ಸೀಳಿಕೊಂಡು ಮುಳಬಾಗಿಲಿನ ಕಡೆಗೆ ಹೋಗುತ್ತದೆ. ನರಸಾಪುರದ ಕಾರ್ಖಾನೆ ಬಸ್ಸುಗಳು, ಎಪಿಎಂಸಿಗೆ ಟೊಮ್ಯಾಟೊ ತರುವ ಪಿಕಪ್‌ಗಳು, ಚೆನ್ನೈ ಕಡೆಯ ಕಂಟೇನರ್‌ಗಳು, ಹಾಲಿನ ಡೇರಿಗೆ ಹೊರಟ ಟಿವಿಎಸ್, ಎಲ್ಲಕ್ಕೂ ಅದೇ ರಸ್ತೆ. ನನ್ನ ಟೇಬಲ್ ಮೇಲೆ ಯಾವತ್ತೂ ಒಂದಲ್ಲ ಒಂದು ಎಫ್‌ಐಆರ್ ಇದ್ದೇ ಇರುತ್ತದೆ.

ಇ-ಡಾರ್ ಆ್ಯಪ್‌ನಲ್ಲಿ ಮಾಹಿತಿ ತುಂಬುವವರು ಪೊಲೀಸರು. ಅದರಿಂದ ಹೊರಗೆ ಬರುವ ಕಾಗದ ಹಿಡಿದು ಕೋರ್ಟಿನಲ್ಲಿ ನಿಲ್ಲುವವರು ನಾವು. ಆ ಕಡೆಯಿಂದ ಕಂಡದ್ದನ್ನು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಕೇಂದ್ರದ ಹೆದ್ದಾರಿ ಸಚಿವಾಲಯ ಐರಾಡ್ ಅನ್ನುವ ಅಪಘಾತ ದಾಖಲೆ ವ್ಯವಸ್ಥೆ ಶುರು ಮಾಡಿತು. ವಿಶ್ವ ಬ್ಯಾಂಕಿನ ನೆರವು ಇತ್ತು. ಐಐಟಿ ಮದ್ರಾಸ್ ರೂಪಿಸಿತು, ಸರ್ಕಾರದ ಕಂಪ್ಯೂಟರ್ ಕೆಲಸ ನೋಡುವ ಸಂಸ್ಥೆ ಎನ್‌ಐಸಿ ಜಾರಿಗೆ ತಂದಿತು. ಮೊದಲ ಸುತ್ತಿಗೆ ಆರಿಸಿಕೊಂಡ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಪೊಲೀಸರು ಫೋನಿನಲ್ಲಿ ಆ್ಯಪ್ ತೆಗೆದು ಅಪಘಾತವನ್ನು ದಾಖಲಿಸುತ್ತಾರೆ. ಜಾಗವನ್ನು ಜಿಪಿಎಸ್ ಹಿಡಿಯುತ್ತದೆ. ಫೋಟೊ, ವಿಡಿಯೊ ಅದರೊಳಗೇ ಹೋಗುತ್ತವೆ. ಆ ಅಪಘಾತಕ್ಕೇ ಅಂತ ಒಂದು ಐಡಿ ನಂಬರ್ ಬರುತ್ತದೆ. ಗಾಡಿ ನಂಬರ್ ಹಾಕಿದರೆ ವಾಹನ್ ದಾಖಲೆಯಿಂದ, ಲೈಸೆನ್ಸ್ ನಂಬರ್ ಹಾಕಿದರೆ ಸಾರಥಿ ದಾಖಲೆಯಿಂದ ವಿವರ ಬರುತ್ತದೆ. ಅಲ್ಲಿಂದ ಮುಂದೆ ಆರ್‌ಟಿಒ ಕಚೇರಿಯವರು ಗಾಡಿ ನೋಡಿ, ರಸ್ತೆ ಇಲಾಖೆಯ ಎಂಜಿನಿಯರ್ ರಸ್ತೆ ನೋಡಿ, ಆಸ್ಪತ್ರೆಯವರು ಗಾಯ ನೋಡಿ ತಂತಮ್ಮ ಭಾಗ ತುಂಬಬೇಕು. ನಾಲ್ಕು ಇಲಾಖೆ, ಒಂದೇ ಫೈಲು. ಇದೇ ವ್ಯವಸ್ಥೆಯನ್ನು ಪರಿಹಾರದ ಕೇಸುಗಳಿಗೂ ಬೆಸೆದದ್ದು ಇ-ಡಾರ್.

ಇದಕ್ಕೆ ಕಾನೂನಿನ ಬಲವೂ ಇದೆ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದ ಪ್ರಕಾರ ಪೊಲೀಸರು ಮೊದಲ ಅಪಘಾತ ವರದಿಯನ್ನು 48 ಗಂಟೆಯೊಳಗೆ ಪರಿಹಾರದ ಕೇಸು ಕೇಳುವ ಕ್ಲೇಮ್ಸ್ ಟ್ರಿಬ್ಯೂನಲ್‌ಗೆ, ಇನ್ಶೂರೆನ್ಸ್ ಕಂಪನಿಗೆ ಕಳಿಸಬೇಕು. 50 ದಿನದಲ್ಲಿ ಮಧ್ಯಂತರ ವರದಿ, 90 ದಿನದಲ್ಲಿ ಪೂರ್ತಿ ವರದಿ. ಇದನ್ನು ಸರಿಯಾಗಿ ಜಾರಿ ಮಾಡಿ ಅಂತ ಸುಪ್ರೀಂ ಕೋರ್ಟ್ ಕೂಡ 2022ರ ಡಿಸೆಂಬರ್‌ನಲ್ಲಿ ಹೇಳಿದೆ.

ಈಗ ಹಳೇ ಪದ್ಧತಿ ಹೇಗಿತ್ತು ನೋಡಿ. ಸ್ಥಳ ಮಹಜರು ಅಂತ ಒಂದು. ಇಬ್ಬರು ಪಂಚರ ಸಮಕ್ಷಮ ಬರೆದದ್ದು. ಅದರ ಜೊತೆ ಒಂದು ಕೈನಕ್ಷೆ. ಎರಡು ಗೆರೆ ಎಳೆದರೆ ರಸ್ತೆ, ನಡುವೆ ಒಂದು ಗುಣಾಕಾರ ಚಿಹ್ನೆ ಹಾಕಿದರೆ ಅಪಘಾತ ಆದ ಜಾಗ. ಚೆಕ್ಕುಬಂದಿ ಬರೆದಿರುತ್ತಾರೆ: ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹುಣಸೆ ಮರ, ಉತ್ತರಕ್ಕೆ ಕೋಲಾರದ ಕಡೆ ಹೋಗುವ ರಸ್ತೆ. ಅಳತೆ ಅಂತ ಇದ್ದರೆ ಹೆಜ್ಜೆ ಲೆಕ್ಕ. ಕೇಸು ಸಾಕ್ಷಿಗೆ ಬರುವ ಹೊತ್ತಿಗೆ ಹೆದ್ದಾರಿ ಅಗಲ ಆಗಿರುತ್ತದೆ, ಹುಣಸೆ ಮರ ಹೋಗಿರುತ್ತದೆ. ಪಂಚರನ್ನು ಕೇಳಿದರೆ "ಪೊಲೀಸರು ಕರೆದರು, ಸಹಿ ಹಾಕಿದೆ ಸ್ವಾಮಿ" ಅನ್ನುತ್ತಾರೆ. ಎದುರು ಪಕ್ಷದ ವಕೀಲರಿಗೆ ಅಷ್ಟು ಸಾಕು.

ಇ-ಡಾರ್ ಇಲ್ಲಿ ಏನು ಬದಲಾಯಿಸಿತು ಅನ್ನುವುದಕ್ಕೆ ನಾನು ನಡೆಸಿದ ಒಂದು ಕೇಸನ್ನೇ ಹೇಳುತ್ತೇನೆ. ಮುಳಬಾಗಿಲು ಕಡೆಯ ಒಂದು ಹಳ್ಳಿಯವರು. ಮಂಡಿಯಲ್ಲಿ ಟೊಮ್ಯಾಟೊ ಕ್ರೇಟ್ ಎತ್ತಿ ಇಳಿಸುವ ಕೆಲಸ. ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ ಬೈಕಿನಲ್ಲಿ ಬರುತ್ತಿದ್ದವರು ರಸ್ತೆ ಬದಿ ನಿಂತಿದ್ದ ಟ್ರೇಲರ್ ಲಾರಿಗೆ ಹಿಂದಿನಿಂದ ಗುದ್ದಿದರು. ಜೀವ ಉಳಿಯಿತು, ಬಲಗೈ ಮೊದಲಿನ ಹಾಗೆ ಆಗಲಿಲ್ಲ. ಕೂಲಿಯವನಿಗೆ ಬಲಗೈ ಹೋದರೆ ಏನು ಉಳಿಯುತ್ತದೆ?

ಇಂಥ ಕೇಸಿನಲ್ಲಿ ಇನ್ಶೂರೆನ್ಸ್ ಕಂಪನಿಯ ವಾದ ಯಾವಾಗಲೂ ಒಂದೇ. ಲಾರಿ ಟಾರು ಬಿಟ್ಟು ಮಣ್ಣಿನ ಮೇಲೆ ಇತ್ತು, ಹಿಂದೆ ರಿಫ್ಲೆಕ್ಟರ್ ಇತ್ತು, ಪಾರ್ಕಿಂಗ್ ಲೈಟ್ ಹಾಕಿತ್ತು, ಬೈಕಿನವನೇ ನೋಡದೆ ಬಂದು ಗುದ್ದಿದ. ಹಿಂದಿನ ಕಾಲವಾಗಿದ್ದರೆ ಇದು ಒಬ್ಬರ ಮಾತಿಗೆ ಇನ್ನೊಬ್ಬರ ಮಾತು. ಕೈನಕ್ಷೆಯಲ್ಲಿ ಲಾರಿ ಅಂದರೆ ಒಂದು ಚೌಕ. ಅದು ಗೆರೆಯ ಒಳಗಿತ್ತೋ ಹೊರಗಿತ್ತೋ ಯಾರಿಗೆ ಗೊತ್ತು?

ಆ ಕೇಸಿನಲ್ಲಿ ಬಂದಿದ್ದ ಕಾನ್‌ಸ್ಟೇಬಲ್ ಲಾರಿ ತೆಗೆಯುವ ಮುಂಚೆಯೇ ಫೋಟೊ ಹಿಡಿದಿದ್ದರು. ನಾನು ಅದನ್ನು ಕಂಪ್ಯೂಟರ್‌ನಲ್ಲಿ ದೊಡ್ಡದು ಮಾಡಿ ನೋಡಿದೆ. ರಸ್ತೆಯ ಅಂಚಿನ ಬಿಳಿ ಗೆರೆ ದೂರದಿಂದ ನೇರವಾಗಿ ಬರುತ್ತದೆ, ಟ್ರೇಲರ್ ಕೆಳಗೆ ಹೋಗುತ್ತದೆ, ಎಡಗಡೆ ಮತ್ತು ಬಲಗಡೆ ಚಕ್ರಗಳ ನಡುವೆ ಕಾಣುತ್ತದೆ, ಮುಂದೆ ಮತ್ತೆ ಹೊರಗೆ ಬರುತ್ತದೆ. ಅಂದರೆ ಲಾರಿಯ ಅರ್ಧ ಮೈ ಟಾರಿನ ಮೇಲೇ ಇತ್ತು. ಹಿಂದಿನ ಬಂಪರ್ ಮೇಲೆ ಕೆಂಪು ಪಟ್ಟಿಯ ಒಂದು ತುಂಡು ಮಾತ್ರ ಎಡ ತುದಿಯಲ್ಲಿ ಉಳಿದಿತ್ತು, ಉಳಿದದ್ದು ಕೆಸರು. ಲೈಟ್ ಇದ್ದ ಜಾಗದಲ್ಲಿ ವೈರು ನೇತಾಡುತ್ತಿತ್ತು. ಫೋಟೊದ ಜೊತೆ ತಾರೀಖು, ಸಮಯ, ಜಾಗ ಎಲ್ಲ ಇತ್ತು.

ಇದನ್ನು ಪಾಟೀ ಸವಾಲಿನಲ್ಲಿ ಲಾರಿ ಡ್ರೈವರ್ ಮುಂದೆ ಇಟ್ಟಾಗ ಅವರು ಸುಮ್ಮನಾದರು. ನ್ಯಾಯಾಧೀಶರು ಪೂರ್ತಿ ತಪ್ಪು ಲಾರಿಯದ್ದೇ ಅಂತ ಹೇಳಲಿಲ್ಲ, ಸವಾರನ ಪಾಲೂ ಸ್ವಲ್ಪ ಇಟ್ಟರು. ಆದರೆ ದೊಡ್ಡ ಪಾಲು ಲಾರಿಯ ಮೇಲೆ ಹೋಯಿತು. ಆ ಮನೆಗೆ ಬಂದ ದುಡ್ಡಿನಲ್ಲಿ ಆ ಒಂದು ಫೋಟೊದ ಕೆಲಸ ಎಷ್ಟಿದೆ ಅಂತ ನನಗೆ ಗೊತ್ತು. ಆ ಕಾನ್‌ಸ್ಟೇಬಲ್‌ಗೆ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದೆ. "ಟ್ರೈನಿಂಗ್‌ನಲ್ಲಿ ಹೇಳಿದ್ರು ಮೇಡಂ, ಗಾಡಿ ಎತ್ತೋಕೆ ಮುಂಚೆ ಹಿಡೀಬೇಕು ಅಂತ" ಅಂದರು, ಅಷ್ಟೇ.

ನಿಂತ ಲಾರಿಗೆ ಗುದ್ದುವುದು ನಮ್ಮ ಕಡೆಯ ಹೆದ್ದಾರಿಗಳಲ್ಲಿ ಸಣ್ಣ ವಿಷಯ ಅಲ್ಲ. ಪಕ್ಕದ ಚಿಕ್ಕಬಳ್ಳಾಪುರದ ಹತ್ತಿರ ಹೆದ್ದಾರಿ 44ರಲ್ಲಿ 2023ರ ಅಕ್ಟೋಬರ್‌ನಲ್ಲಿ ಮಂಜಿನ ಬೆಳಗ್ಗೆ ಟಾಟಾ ಸುಮೊ ಒಂದು ನಿಂತಿದ್ದ ಟ್ಯಾಂಕರ್‌ಗೆ ಗುದ್ದಿ 13 ಜನ ಹೋದರು. ಗಾಡಿ ಎಲ್ಲಿ ನಿಂತಿತ್ತು, ಹೇಗೆ ನಿಂತಿತ್ತು, ಕಾಣುವಂತೆ ಇತ್ತಾ ಅನ್ನುವುದನ್ನು ಆ ಹೊತ್ತಿನಲ್ಲೇ ಹಿಡಿದಿಡದಿದ್ದರೆ ಆಮೇಲೆ ಯಾವ ಸಾಕ್ಷಿಯಿಂದಲೂ ಅದನ್ನು ಕಟ್ಟಲು ಆಗುವುದಿಲ್ಲ.

ಜಿಪಿಎಸ್‌ನ ಬೆಲೆ ನನಗೆ ಚೆನ್ನಾಗಿ ಗೊತ್ತಾದದ್ದು ಹೊಸ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಕೇಸುಗಳಲ್ಲಿ. ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ ಮೇಲೆ ಬೇತಮಂಗಲದ ಕಡೆ ಹೋಗುವ ಆ ರಸ್ತೆಯಲ್ಲಿ ಗುರುತು ಹೇಳಲು ಏನೂ ಇಲ್ಲ. ಅಂಗಡಿ ಇಲ್ಲ, ಮರ ಇಲ್ಲ, ಬಸ್ ಸ್ಟಾಪ್ ಇಲ್ಲ. ಎರಡು ಕಡೆ ಬೇಲಿ, ನಡುವೆ ರಸ್ತೆ. ಅಲ್ಲಿ ನಿಂತು ಚೆಕ್ಕುಬಂದಿ ಹೇಗೆ ಬರೆಯುತ್ತೀರಿ? ಜಾಗ ಯಾವ ಸ್ಟೇಷನ್ ಸರಹದ್ದು ಅನ್ನುವುದಕ್ಕೇ ಜಗಳ ಆಗುತ್ತದೆ. ಫೋನಿನಲ್ಲಿ ಬಂದ ಅಕ್ಷಾಂಶ ರೇಖಾಂಶ ಇದ್ದರೆ ಒಂದು ನಿಮಿಷದ ಕೆಲಸ.

ಒಂದು ಕೇಸಿಗೆ ಮಾತ್ರ ಸಂಬಂಧಪಟ್ಟ ವಿಷಯವೂ ಇದಲ್ಲ. ಬ್ಲ್ಯಾಕ್ ಸ್ಪಾಟ್, ಅಂದರೆ ಮತ್ತೆ ಮತ್ತೆ ಅಪಘಾತ ಆಗುವ ಜಾಗ, ಅಂತ ಒಂದು ಕಡೆಯನ್ನು ಗುರುತಿಸಲು ಸಚಿವಾಲಯದ ಲೆಕ್ಕ ಹೀಗಿದೆ: ಸುಮಾರು 500 ಮೀಟರ್ ಉದ್ದದ ರಸ್ತೆಯಲ್ಲಿ ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತ, ಇಲ್ಲವೇ 10 ಸಾವು. 500 ಮೀಟರ್ ಅಂದರೆ ಬಹಳ ಚಿಕ್ಕ ಜಾಗ. ಒಂದು ಅಪಘಾತವನ್ನು ಊರ ಹೆಸರಲ್ಲಿ, ಇನ್ನೊಂದನ್ನು ಡಾಬಾ ಹೆಸರಲ್ಲಿ, ಮತ್ತೊಂದನ್ನು ಗೇಟ್ ಹೆಸರಲ್ಲಿ ಬರೆದರೆ ಮೂರೂ ಒಂದೇ ಜಾಗ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಅಲ್ಲಿಗೆ ಲೈಟ್ ಬರುವುದಿಲ್ಲ, ಅಂಡರ್‌ಪಾಸ್ ಬರುವುದಿಲ್ಲ. ಜನ ಸಾಯುತ್ತಲೇ ಇರುತ್ತಾರೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅಷ್ಟು ಸಾವು ಎಲ್ಲೆಲ್ಲಿ ಆಯಿತು ಅಂತ ಕರಾರುವಾಕ್ಕಾಗಿ ಬರೆದಿಡುವುದು ನಾವು ಮಾಡಬೇಕಾದ ಮೊದಲ ಕೆಲಸ.

ಈಗ ಒಂದೂವರೆ ಯಾಕೆ ಕಡಿಮೆ ಕೊಟ್ಟೆ ಅಂತ ಹೇಳುತ್ತೇನೆ.

ನನ್ನ ಹತ್ತಿರ ಬಂದ ಒಂದು ವರದಿಯಲ್ಲಿ ಅಪಘಾತದ ಜಾಗದ ಅಂಕಿಗಳನ್ನು ಫೋನಿನ ಮ್ಯಾಪ್‌ನಲ್ಲಿ ಹಾಕಿದೆ. ಅದು ತೋರಿಸಿದ್ದು ಪೊಲೀಸ್ ಸ್ಟೇಷನ್ನಿನ ಕಾಂಪೌಂಡು! ಅಪಘಾತ ಆದದ್ದು ಅಲ್ಲಿಂದ ಎಷ್ಟೋ ಕಿಲೋಮೀಟರ್ ದೂರದ ಹಳ್ಳಿ ಗೇಟಿನಲ್ಲಿ. ಏನಾಗಿದೆ ಅಂದರೆ, ಸ್ಪಾಟ್‌ಗೆ ಹೋದವರು ಒಬ್ಬರು, ಆಮೇಲೆ ಸ್ಟೇಷನ್ನಿನಲ್ಲಿ ಕೂತು ತುಂಬಿದವರು ಇನ್ನೊಬ್ಬರು. ಫೋನ್ ತಾನು ಇದ್ದ ಜಾಗವನ್ನು ಹಿಡಿಯಿತು. ಅದನ್ನು ಯಾರೂ ಸರಿ ಮಾಡಲಿಲ್ಲ. ಕೇಳಿದ್ದಕ್ಕೆ "ಅಲ್ಲಿ ನೆಟ್‌ವರ್ಕ್ ಇರಲಿಲ್ಲ ಮೇಡಂ" ಅಂತ ಉತ್ತರ. ಇರಬಹುದು. ಬೆಟ್ಟದ ತಪ್ಪಲಿನ ಹಳ್ಳಿಗಳಲ್ಲಿ ಸಿಗ್ನಲ್ ಹೇಗಿರುತ್ತದೆ ಅಂತ ನನಗೂ ಗೊತ್ತು. ಇಡೀ ಸ್ಟೇಷನ್ನಿಗೆ ಇರುವ ಸಿಬ್ಬಂದಿ ಎಷ್ಟು, ಬಂದೋಬಸ್ತ್ ಎಷ್ಟು, ಅದೂ ಗೊತ್ತು. ಆದರೂ ತಪ್ಪು ತಪ್ಪೇ. ಹಳೇ ಕೈನಕ್ಷೆಯನ್ನು ಯಾರೂ ಪೂರ್ತಿ ನಂಬುತ್ತಿರಲಿಲ್ಲ, ಸಾಕ್ಷಿ ಕೇಳುತ್ತಿದ್ದರು. ದಶಮಾಂಶದ ಆಚೆ ಆರು ಅಂಕಿ ಇರುವ ಜಿಪಿಎಸ್ ನಂಬರನ್ನು ಎಲ್ಲರೂ ನಂಬುತ್ತಾರೆ. ಎದುರು ಪಕ್ಷದವರು ಅದನ್ನೇ ಹಿಡಿದು "ನೋಡಿ, ಅಪಘಾತವೇ ಅಲ್ಲಿ ಆಗಿಲ್ಲ, ಗಾಡಿಯನ್ನು ಆಮೇಲೆ ಇಂಪ್ಲಾಂಟ್ ಮಾಡಿದ್ದಾರೆ" ಅಂತ, ಅಂದರೆ ಪರಿಹಾರಕ್ಕಾಗಿ ಆ ಗಾಡಿಯನ್ನು ಸುಳ್ಳಾಗಿ ಕೇಸಿಗೆ ಸೇರಿಸಿದ್ದಾರೆ ಅಂತ, ವಾದ ಹೂಡಿದರು. ಆ ಕುಟುಂಬಕ್ಕೆ ಒಬ್ಬ ಮಗ ಹೋಗಿದ್ದ. ಮಗ ಸತ್ತದ್ದು ಎಲ್ಲಿ ಅಂತ ಸಾಬೀತು ಮಾಡಲು ತಾಯಿ ಮತ್ತೆ ಮತ್ತೆ ಕೋರ್ಟಿಗೆ ಬಂದರು. "ನಾವೇ ಅಲ್ಲಿಂದ ಎತ್ಕೊಂಡು ಬಂದಿದ್ದು ಲಾಯರಮ್ಮ, ಅದು ಸುಳ್ಳಾ?" ಅಂತ ಕೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಎರಡನೇ ದೂರು ಪ್ರಿಂಟ್ ಬಗ್ಗೆ. ಇದು ಕೇಳಲು ಚಿಕ್ಕದು, ಆದರೆ ಬಹಳ ಕೇಸು ಇದರಲ್ಲೇ ಹಾಳಾಗುತ್ತವೆ. ಫೋಟೊ ತೆಗೆಯುವುದು ಕಲರ್‌ನಲ್ಲಿ, ನಮ್ಮ ಕೈಗೆ ಬರುವುದು ಕಪ್ಪು-ಬಿಳುಪಿನ ಲೇಸರ್ ಪ್ರಿಂಟ್, ಕೆಲವೊಮ್ಮೆ ಅದರ ಜೆರಾಕ್ಸ್. ಕಪ್ಪು-ಬಿಳುಪಿನಲ್ಲಿ ಕೆಂಪು ರಿಫ್ಲೆಕ್ಟರ್ ಪಟ್ಟಿ, ಕೆಸರು, ರಕ್ತ ಮೂರೂ ಒಂದೇ ಬಣ್ಣ. ಟಾರಿನ ಮೇಲಿನ ಬ್ರೇಕ್ ಗುರುತು ಕಾಣುವುದೇ ಇಲ್ಲ. ಮೇಲೆ ಹೇಳಿದ ಟ್ರೇಲರ್ ಕೇಸಿನಲ್ಲೂ ಮೊದಲು ಬಂದ ಪ್ರತಿಯಲ್ಲಿ ಆ ಪಟ್ಟಿ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಮೂಲ ಫೈಲೇ ಬೇಕು ಅಂತ ಅರ್ಜಿ ಹಾಕಿ ತರಿಸಿಕೊಂಡೆ. ಜೊತೆಗೆ ಡಿಜಿಟಲ್ ದಾಖಲೆಯನ್ನು ದೃಢೀಕರಿಸುವ, ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಸರ್ಟಿಫಿಕೇಟ್ ಕೂಡ ಕೇಳಬೇಕು. ಹಿಂದೆ ಇದನ್ನೇ 65ಬಿ ಸರ್ಟಿಫಿಕೇಟ್ ಅನ್ನುತ್ತಿದ್ದೆವು. ಅದಿಲ್ಲದಿದ್ದರೆ ಎದುರು ಪಕ್ಷದವರು ತಕರಾರು ಎತ್ತುತ್ತಾರೆ. ಇಷ್ಟು ದೊಡ್ಡ ವ್ಯವಸ್ಥೆ ಕಟ್ಟಿದವರು ಪ್ರತಿ ಪೂರ್ತಿ ವರದಿಯ ಜೊತೆ ಈ ಸರ್ಟಿಫಿಕೇಟ್ ಮತ್ತು ಕಲರ್ ಫೋಟೊ ತಾನಾಗಿ ಬರುವ ಹಾಗೆ ಮಾಡಲಿ.

ಮೂರನೆಯದು ನನಗೆ ಎಲ್ಲಕ್ಕಿಂತ ಬೇಜಾರಿನ ವಿಷಯ. ರಸ್ತೆಯ ಭಾಗ. ಫಾರಂ ಚೆನ್ನಾಗಿದೆ. ರಸ್ತೆ ನೇರವೋ ತಿರುವೋ, ಸೇತುವೆಯೋ ಮೋರಿಯೋ, ಗುಂಡಿ ಇದೆಯಾ, ಕೆಲಸ ನಡೆಯುತ್ತಿದೆಯಾ, ಜಂಕ್ಷನ್ ಟಿ ಆಕಾರದ್ದೋ ನಾಲ್ಕು ದಾರಿಯದ್ದೋ, ಮಳೆ ಇತ್ತಾ, ಮಂಜಿತ್ತಾ, ಎಲ್ಲ ಕೇಳುತ್ತದೆ. ಹಳೇ ಎಫ್‌ಐಆರ್‌ನಲ್ಲಿ ಇದು ಯಾವುದೂ ಇರಲಿಲ್ಲ. "ಅತಿವೇಗ ಹಾಗೂ ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು" ಅನ್ನುವ ಒಂದೇ ಸಾಲು ಎಲ್ಲಾ ಅಪಘಾತಕ್ಕೂ. ಇವತ್ತಿಗೂ ಕಾರಣದ ಜಾಗದಲ್ಲಿ ಅತಿವೇಗವೇ ಗೆಲ್ಲುತ್ತದೆ. 2022ರ ರಾಷ್ಟ್ರೀಯ ಲೆಕ್ಕದಲ್ಲಿ ನೂರಕ್ಕೆ 71 ಸಾವಿಗೆ ಅತಿವೇಗವೇ ಕಾರಣ ಅಂತ ಇದೆ. ವೇಗ ಕೊಲ್ಲುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ 71ರಲ್ಲಿ ಎಷ್ಟು ಕಡೆ ಡಿವೈಡರ್ ಮುರಿದಿತ್ತು, ಎಷ್ಟು ಕಡೆ ಬೀದಿ ದೀಪ ಇರಲಿಲ್ಲ, ಎಷ್ಟು ಕಡೆ ಸರ್ವಿಸ್ ರಸ್ತೆ ಇಲ್ಲದೆ ಊರಿನವರು ಹೆದ್ದಾರಿಯಲ್ಲೇ ಉಲ್ಟಾ ಬರಬೇಕಿತ್ತು? ಅದನ್ನು ಹೇಳಬೇಕಾದವರು ಎಂಜಿನಿಯರ್. ನಾನು ನೋಡಿದ ವರದಿಗಳಲ್ಲಿ ಅವರ ಭಾಗ ಹೆಚ್ಚಾಗಿ ಖಾಲಿ, ಇಲ್ಲವೇ "ರಸ್ತೆ ಸುಸ್ಥಿತಿಯಲ್ಲಿದೆ" ಅನ್ನುವ ಒಂದು ಸಾಲು. ರಸ್ತೆ ಮಾಡಿದ ಇಲಾಖೆಯೇ ರಸ್ತೆಯ ತಪ್ಪನ್ನು ಬರೆಯಬೇಕು ಅಂದರೆ ಎಷ್ಟು ಜನ ಬರೆಯುತ್ತಾರೆ? ಆ ಭಾಗವನ್ನು ಹೊರಗಿನ ಎಂಜಿನಿಯರಿಂಗ್ ಕಾಲೇಜಿನವರಿಗೆ ಕೊಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಗಾಡಿಯ ವರದಿ ಪರವಾಗಿಲ್ಲ. "ಅಪಘಾತವು ಯಾಂತ್ರಿಕ ದೋಷದಿಂದ ಆಗಿರುವುದಿಲ್ಲ" ಅನ್ನುವ ಹಳೇ ಸಾಲು ಇನ್ನೂ ಇದೆ, ಆದರೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟ್) ಇತ್ತಾ, ಇನ್ಶೂರೆನ್ಸ್ ಇತ್ತಾ ಅಂತ ತಿಂಗಳುಗಟ್ಟಲೆ ಆರ್‌ಟಿಒ ಕಚೇರಿಗೆ ಅಲೆಯುವುದು ತಪ್ಪಿದೆ. ಇನ್ಶೂರೆನ್ಸ್ ಪಾಲಿಸಿ ನಂಬರ್ ಸಿಗದೆ ಕೇಸು ಹಾಕಲಾಗದೆ ಕೂತಿರುತ್ತಿದ್ದ ದಿನಗಳು ನನಗೆ ನೆನಪಿವೆ. ಇದಕ್ಕೆ ಪೂರ್ತಿ ಅಂಕ ಕೊಡುತ್ತೇನೆ.

ಆಸ್ಪತ್ರೆಯ ಭಾಗ ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ. ಚೆನ್ನಾಗಿ ತುಂಬುವವರಿದ್ದಾರೆ. ಗಾಯದ ಸರ್ಟಿಫಿಕೇಟ್‌ಗೆ ಈಗಲೂ ವಾರಗಟ್ಟಲೆ ಕಾಯಿಸುವವರೂ ಇದ್ದಾರೆ. 2025ರ ಮೇ ತಿಂಗಳಿಂದ ಅಪಘಾತದ ಗಾಯಾಳುಗಳಿಗೆ 7 ದಿನದವರೆಗೆ, ಗರಿಷ್ಠ 1.5 ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆಯ ಯೋಜನೆ ಜಾರಿಯಾಗಿದೆ. ಅದಕ್ಕೂ ಇದೇ ಇ-ಡಾರ್ ದಾಖಲೆ ಬೇಕು. ಹಾಗಾಗಿ ದಾಖಲೆ ತಡ ಆದರೆ ಪರಿಹಾರ ಮಾತ್ರ ಅಲ್ಲ, ಚಿಕಿತ್ಸೆಯ ದುಡ್ಡಿಗೂ ಪೆಟ್ಟು.

ಕೊನೆಯದಾಗಿ ಜನಸಾಮಾನ್ಯರ ವಿಷಯ. ಇಷ್ಟೆಲ್ಲ ನಡೆಯುವುದು ಯಾರಿಗಾಗಿಯೋ ಅವರಿಗೇ ಇದರ ಸುಳಿವು ಇರುವುದಿಲ್ಲ. ನನ್ನ ಹತ್ತಿರ ಬರುವ ಕಕ್ಷಿದಾರರಲ್ಲಿ ಹೆಚ್ಚಿನವರಿಗೆ ಅಪಘಾತದ ಐಡಿ ನಂಬರ್ ಅಂತ ಒಂದಿದೆ ಅಂತಲೇ ಗೊತ್ತಿರುವುದಿಲ್ಲ. ನೊಂದವರಿಗೆ ಅವರ ಹಕ್ಕುಗಳನ್ನು ತಿಳಿಸುವ ಫಾರಂ 2 ಅನ್ನು ಪೊಲೀಸರು 10 ದಿನದೊಳಗೆ ಕೊಡಬೇಕು ಅಂತ ನಿಯಮದಲ್ಲೇ ಇದೆ. ಅದನ್ನು ಕೈಯಲ್ಲಿ ಹಿಡಿದು ಬಂದವರು ಬಹಳ ಕಡಿಮೆ. ಕೊಟ್ಟರೂ ಇಂಗ್ಲಿಷ್‌ನಲ್ಲಿ ಕೊಟ್ಟರೆ ಏನು ಪ್ರಯೋಜನ? ಕನ್ನಡದಲ್ಲಿ ಕೊಡಿ. ಗಡಿ ಭಾಗದಲ್ಲಿ ತೆಲುಗಿನಲ್ಲಿ ಓದಿ ಹೇಳಿ.

ನಿಮ್ಮ ಮನೆಯವರಿಗೆ ಹೀಗೇನಾದರೂ ಆದರೆ, ಮೊದಲು 112ಕ್ಕೋ 108ಕ್ಕೋ ಫೋನ್ ಮಾಡಿ, ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸಿ. ಸಹಾಯ ಮಾಡಿದವರನ್ನು ಪೊಲೀಸರು ಸಾಕ್ಷಿಯಾಗಲೇಬೇಕು ಅಂತ ಒತ್ತಾಯ ಮಾಡುವ ಹಾಗಿಲ್ಲ, ಕಾನೂನೇ ರಕ್ಷಣೆ ಕೊಟ್ಟಿದೆ. ಜೊತೆಗೆ ಯಾರಾದರೂ ಒಬ್ಬರು ಸ್ಪಾಟ್‌ನಲ್ಲೇ ಉಳಿಯಿರಿ. ಗಾಡಿ ಎತ್ತುವ ಮುಂಚೆ ನಾಲ್ಕು ದಿಕ್ಕಿನಿಂದ ಫೋಟೊ ಹಿಡಿಯಿರಿ, ರಸ್ತೆಯ ಬಿಳಿ ಗೆರೆ ಕಾಣುವ ಹಾಗೆ. ಪೊಲೀಸರು ಬಂದಾಗ "ಸಾರ್, ಆ್ಯಪ್‌ನಲ್ಲಿ ಇಲ್ಲೇ ಹಾಕಿಬಿಡಿ" ಅಂತ ಮರ್ಯಾದೆಯಿಂದ ಕೇಳಿ. ಐಡಿ ನಂಬರ್ ಬರೆದುಕೊಳ್ಳಿ. ಮೊದಲ ವರದಿಯ ಪ್ರತಿ ಕೈಗೆ ಬಂದ ದಿನವೇ ಜಾಗದ ಅಂಕಿಗಳನ್ನು ಫೋನಿನ ಮ್ಯಾಪ್‌ನಲ್ಲಿ ಹಾಕಿ ನೋಡಿ. ಬೇರೆ ಕಡೆ ತೋರಿಸಿದರೆ ಬಾಯಿಮಾತಲ್ಲಿ ಬಿಡಬೇಡಿ. ಸರಿಪಡಿಸಿ ಅಂತ ಅರ್ಜಿ ಬರೆದುಕೊಟ್ಟು, ಅದರ ಸ್ವೀಕೃತಿಗೆ ಸೀಲು ಹಾಕಿಸಿಕೊಳ್ಳಿ. 90 ದಿನದ ಪೂರ್ತಿ ವರದಿ ಹೋಗುವ ಮುಂಚೆಯೇ ಈ ಕೆಲಸ ಆಗಬೇಕು.